ಸೋಡಚೀಟಿ ಎಂದು ಬರೆದುಕೊಂಡ ನಂಬರು

ಆಳಂದದ ತಹಶೀಲ್ ಕಚೇರಿಯ ಕಾಂಪೌಂಡಿಗೆ ಒರಗಿಕೊಂಡು ನಾಲ್ಕು ತಗಡಿನ ಶೆಡ್ಡುಗಳಿವೆ. ಮೂರನೆಯದರಲ್ಲಿ ಕೂತು ನಾನು ಜನರ ಕಾಗದಪತ್ರ ಬರೆಯುತ್ತೇನೆ. ಅಜ್ಜ ಇದೇ ಕೆಲಸವನ್ನು ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಮಾಡಿದರು. ಅಪ್ಪ ಎರಡು ಭಾಷೆಯಲ್ಲಿ ಮಾಡಿದರು. ನಾನು ಮನೆಯಲ್ಲಿ ಉರ್ದು ಮಾತಾಡಿ, ಶೆಡ್ಡಿಗೆ ಬಂದು ಕನ್ನಡ ಬರೆಯುತ್ತೇನೆ. ಮೂರು ತಲೆಮಾರಿನಲ್ಲಿ ಲಿಪಿ ಬದಲಾಗಿದೆ, ಪೆನ್ನು ಬದಲಾಗಿದೆ, ಈಗ ಕಂಪ್ಯೂಟರೂ ಬಂದಿದೆ. ಅಣ್ಣತಮ್ಮಂದಿರ ಜಗಳ ಮಾತ್ರ ಅಜ್ಜನ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇದೆ.

ಈ ಕೆಳಗೆ ಹೇಳುವುದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ. ತಿಳಿವಳಿಕೆಯೇ ಕಡಿಮೆ ಬಿದ್ದ ಕಡೆ ಏನು ಮಾಡಬೇಕೆಂದು ಯಾವ ಪ್ರಮಾಣಪತ್ರದಲ್ಲೂ ಬರೆದಿರುವುದಿಲ್ಲ. ಈ ಪ್ರಕರಣದಲ್ಲಿ ಅಂಥ ಕಡೆಗಳೇ ಹೆಚ್ಚು. ಇದರಲ್ಲಿ ಬರುವ ಹೆಣ್ಣುಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಯಾವ ವಿವರ ಅದಲುಬದಲು ಮಾಡಬೇಕೆಂದು ಆಕೆಯೇ ಹೇಳಿಕೊಟ್ಟಿದ್ದಾಳೆ. ಹಾಗಾಗಿ ಯಾವುದು ನಿಜವಾದ ಊರು ಎಂದು ದಯವಿಟ್ಟು ಯಾರೂ ನನ್ನ ಶೆಡ್ಡಿಗೆ ಬಂದು ವಿಚಾರಿಸಬಾರದು.

ನಮ್ಮ ವೃತ್ತಿಯಲ್ಲಿ ಒಂದು ಪದ್ಧತಿ ಇದೆ. ಕಾಗದ ಬರೆದಾದ ಮೇಲೆ, ಸಹಿ ಅಥವಾ ಹೆಬ್ಬೆಟ್ಟು ಬೀಳುವ ಮೊದಲು, ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಎದುರಿಗೆ ಕೂತವನು ಡಿಗ್ರಿ ಪಾಸಾಗಿದ್ದರೂ ಸರಿ, ಅವನ ಬಸ್ಸು ಹೊರಟು ನಿಂತಿದ್ದರೂ ಸರಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ ಎಂದು ನಾನು ಓದುವಾಗ ಎಷ್ಟೋ ಜನ ತೂಕಡಿಸಿದ್ದಾರೆ. ತೂಕಡಿಸಿದವರನ್ನು ಎಬ್ಬಿಸಿ ಮತ್ತೆ ಓದಿದ್ದೇನೆ. ‘ಓದಿ ಹೇಳಿದ್ದನ್ನು ಕೇಳಿ, ತಿಳಿದು, ಒಪ್ಪಿ’ ಎಂಬ ಕೊನೆಯ ಸಾಲನ್ನು ನಾನು ಬರೀ ಅಲಂಕಾರಕ್ಕೆಂದು ಬರೆಯುವವನಲ್ಲ.

ಎರಡನೆಯ ಪದ್ಧತಿ ನನ್ನದೇ. ನಮ್ಮ ಭಾಗದಲ್ಲಿ ಹೆಸರುಗಳ ಅಭಾವ. ಒಂದೇ ದೇವರ, ಒಂದೇ ದರ್ಗಾದ, ಒಂದೇ ಮಠದ ಹೆಸರನ್ನು ಊರಿಗೆ ಹತ್ತು ಜನ ಹಂಚಿಕೊಂಡು ಇಟ್ಟುಕೊಂಡಿರುತ್ತಾರೆ. ಫೋನಿನಲ್ಲಿ ಹೆಸರಿನಿಂದ ನಂಬರು ಇಟ್ಟುಕೊಂಡರೆ ಜಮೀನು ಮಾರಿದವನಿಗೆ ಮಾಡಬೇಕಾದ ಕರೆ ದತ್ತಕ ತೆಗೆದುಕೊಂಡವನಿಗೆ ಹೋಗುತ್ತದೆ. ಆದ್ದರಿಂದ ನಾನು ಮೊದಲು ಊರು, ಆಮೇಲೆ ಕಾಗದದ ಜಾತಿ, ಹೀಗೆ ಬರೆದುಕೊಳ್ಳುತ್ತೇನೆ. ಖಜೂರಿ ವಾಟ್ನಿ ಎಂದರೆ ಖಜೂರಿಯಲ್ಲಿ ಅಣ್ಣತಮ್ಮಂದಿರ ಪಾಲುಪತ್ರ ಬರೆಸಿದವರು. ಹಿರೋಳ್ಳಿ ಬಾವಿ ತಂಟೆ. ಜಿಡಗಾ ದತ್ತಕ. ಇದರಲ್ಲಿ ಹುಡುಕುವ ಅನುಕೂಲಕ್ಕಿಂತ ದೊಡ್ಡದೊಂದು ಘನ ಉದ್ದೇಶವಿತ್ತು. ನಾಳೆ ನನ್ನ ಫೋನು ಬಸ್ಸಿನಲ್ಲಿ ಕಳೆದು ಯಾರ ಕೈಗಾದರೂ ಸಿಕ್ಕರೆ, ಅದರಲ್ಲಿ ಒಬ್ಬರ ಹೆಸರೂ ಇರಬಾರದು. ಜನ ನನ್ನ ಮುಂದೆ ಮನೆಯ ಗುಟ್ಟೆಲ್ಲ ಬಿಚ್ಚುತ್ತಾರೆ. ಹೆಸರು ಬರೆಯದೆ ಇದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದು ನಂಬಿದ್ದೆ. ಈ ಉಪಾಯವನ್ನು ಪಕ್ಕದ ಶೆಡ್ಡಿನವರಿಗೂ ಸಲಹೆ ಮಾಡಿದ್ದೆ. ಅವರು ಕೇಳಲಿಲ್ಲ, ಬಚಾವಾದರು.

ಕೆಲವು ವರ್ಷಗಳ ಹಿಂದೆ ಜೇವರ್ಗಿಯಿಂದ ಒಬ್ಬ ತಾಯಿ, ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ ಇಪ್ಪತ್ತೈದಿರಬಹುದು. ಗಂಡಹೆಂಡತಿ ಬೇರೆಯಾಗುವಾಗ ಹಿರಿಯರ ಮುಂದೆ ಬರೆಸುವ ಕರಾರಿಗೆ ನಮ್ಮ ಕಡೆ ಸೋಡಚೀಟಿ ಎನ್ನುತ್ತಾರೆ. ಅದನ್ನು ಬರೆಸಬೇಕಿತ್ತು.

“ಜೇವರ್ಗಿಯಾಗ ಬರಿಯವ್ರು ಇಲ್ಲೇನವ್ವ? ಕಲಬುರಗಿ ದಾಟಿ, ಎರಡು ಬಸ್ ಬದಲಿಸಿ ಇಲ್ಲೀತನಕ ಬಂದೀರಿ” ಎಂದೆ.

“ಅದಾರ್ರಿ. ಅದಕ್ಕೇ ಇಲ್ಲಿಗಿ ಬಂದೇವಿ” ಎಂದಳು ಮಗಳು.

ನನಗೆ ಆ ಉತ್ತರ ಬಹಳ ಹಿಡಿಸಿತು. ಕಾಗದ ಬರೆದೆ. ಪೂರ್ತಿ ಓದಿ ಹೇಳಿದೆ. ಹುಡುಗನ ಕಡೆಯವರು ಇನ್ನೊಂದು ದಿನ ಬಂದು ಸಹಿ ಮಾಡುವುದಿತ್ತು, ಅದಕ್ಕೆ ಮಗಳ ನಂಬರು ತೆಗೆದುಕೊಂಡೆ. ಪದ್ಧತಿಯಂತೆ ‘ಜೇವರ್ಗಿ ಸೋಡಚೀಟಿ’ ಎಂದು ಬರೆದಿಟ್ಟುಕೊಂಡೆ.

ಅದಾಗಿ ಬಹಳ ದಿನ ಕಳೆದ ಮೇಲೆ ನನ್ನ ಫೋನಿಗೆ ಗೊತ್ತಿಲ್ಲದ ನಂಬರುಗಳಿಂದ ಕರೆ ಬರುವುದು ಹೆಚ್ಚಾಯಿತು. ಬಸ್ ನಿಲ್ದಾಣದ ಎದುರು ನನ್ನ ವಯಸ್ಸಿನ ಗೆಳೆಯನೊಬ್ಬನ ಅಂಗಡಿ ಇದೆ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ, ಜನ ಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ ಮೊಬೈಲ್ ರಿಪೇರಿಗೆ ಬಡ್ತಿ ಪಡೆದ. ಕರೆ ಮಾಡುವವರ ಹೆಸರು ತೋರಿಸುವ ಆಪ್ ಒಂದಿದೆ ಎಂದು ಅವನೇ ಹೇಳಿದ, ಅವನೇ ಹಾಕಿಕೊಟ್ಟ. ಫೋನು ಒಂದರ ಮೇಲೊಂದು ಪ್ರಶ್ನೆ ಕೇಳಿತು. ನಿಮ್ಮ ಸಂಪರ್ಕಗಳನ್ನು ನೋಡಲು ಅನುಮತಿಸುವಿರಾ? ನೀವಿರುವ ಸ್ಥಳ ತಿಳಿಯಲು ಅನುಮತಿಸುವಿರಾ? ಮೈಕ್ರೊಫೋನ್? ನಾನು ನಿಜವಾಗಿ ಸಂತೋಷಪಟ್ಟೆ. ನಮ್ಮ ಶೆಡ್ಡಿಗೆ ಬರುವವರು ಯಾರೂ ಬರಲೇ, ಕೂರಲೇ ಎಂದು ಕೇಳುವುದಿಲ್ಲ. ಒಂದು ಯಂತ್ರ ಇಷ್ಟು ಮರ್ಯಾದೆಯಿಂದ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುವಾಗ ಇಲ್ಲ ಎನ್ನುವುದು ನಮ್ಮ ಮನೆತನದ ರಿವಾಜಲ್ಲ. ಕೇಳಿದ್ದಕ್ಕೆಲ್ಲ ‘ಅನುಮತಿಸಿ’ ಎಂದು ಒತ್ತಿದೆ. ಕೊನೆಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಉದ್ದನೆಯ ಕಾಗದವೊಂದು ತೆರೆದುಕೊಂಡಿತು. ಕೆಳಗೆ, ಓದಿದ್ದೇನೆ ಒಪ್ಪಿದ್ದೇನೆ ಎಂಬ ಚೌಕ.

“ಒತ್ತಲೇ, ಒತ್ತು. ಗಿರಾಕಿ ನಿಂತಾರ” ಎಂದ ಗೆಳೆಯ.

ಒತ್ತಿದೆ. ಜೀವಮಾನದಲ್ಲಿ ಓದದೆ ಒಪ್ಪಿದ ಮೊದಲ ಕಾಗದ ಅದು.

ಆಮೇಲೆ ನನ್ನ ಖುಷಿಗೆ ಮಿತಿಯಿರಲಿಲ್ಲ. ಗೊತ್ತಿಲ್ಲದವರು ಕರೆ ಮಾಡಿದರೂ ಹೆಸರು ಮೂಡುತ್ತಿತ್ತು. ಒಬ್ಬ ದರ್ಜಿ ಕರೆ ಮಾಡಿದಾಗ ‘ಟೈಮಿಗೆ ಕೊಡದ ಟೇಲರ್’ ಎಂದು ಬಂತು. ಎಷ್ಟು ನಿಖರವಾದ ಯಂತ್ರ ಎಂದು ಹೆಂಡತಿಗೂ ತೋರಿಸಿ ನಕ್ಕೆ. ಆ ಹೆಸರನ್ನು ಯಾರೋ ಒಬ್ಬರು ತಮ್ಮ ಫೋನಿನಲ್ಲಿ ತಮ್ಮ ಸಿಟ್ಟಿಗೆ ಬರೆದುಕೊಂಡಿರಬೇಕು, ಅದು ಅಲ್ಲಿಂದ ಹೊರಟು ನನ್ನವರೆಗೆ ಬಂದಿರಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಇಡೀ ದಿನ ಜನರ ಕಾಗದಗಳ ಮೂಲ ಕೇಳುವ ನಾನು ಆ ಹೆಸರುಗಳ ಮೂಲವನ್ನು ಒಂದು ದಿನವೂ ಕೇಳಲಿಲ್ಲ.

ಹೋದ ವರ್ಷ ತೊಗರಿ ಬಿತ್ತುವ ದಿನಗಳಲ್ಲಿ ಒಂದು ಬೆಳಿಗ್ಗೆ, ಇನ್ನೂ ಶೆಡ್ಡಿನ ಕಸ ಗುಡಿಸುತ್ತಿದ್ದೆ, ಆ ಹೆಣ್ಣುಮಗಳು ಬಂದು ನಿಂತಳು. ಒಬ್ಬಳೇ.

“ಕಾಕಾ, ಗುರ್ತು ಸಿಕ್ತೇನ್ರಿ?”

“ಜೇವರ್ಗಿ...” ಎಂದು ಶುರುಮಾಡಿ ನಿಲ್ಲಿಸಿದೆ. ಮುಂದಿನ ಶಬ್ದ ನಾಲಿಗೆಯ ತುದಿಯಲ್ಲಿತ್ತು. ನನ್ನ ಬಾಯಿಗೆ ನನ್ನ ಫೋನಿಗಿಂತ ಹೆಚ್ಚು ಬುದ್ಧಿ ಇದ್ದದ್ದರಿಂದ ಮುಚ್ಚಿಕೊಂಡಿತು.

“ಈಗ ಅಫಜಲಪುರದಾಗ ಇರ್ತೇನ್ರಿ. ರಕ್ತ ತಪಾಸಣಿ ಮಾಡೂ ಲ್ಯಾಬಿನಾಗ ಕೆಲ್ಸ. ಒಂದು ಕಂಪ್ಲೇಂಟ್ ಬರಿಸೂದದ.”

“ಯಾರ ಮ್ಯಾಲವ್ವ?”

“ಅದು ಪಕ್ಕಾ ಗೊತ್ತಿಲ್ರಿ. ಆದ್ರ ಗೊತ್ತದ.”

ಅರ್ಜಿ ಬರೆಸುವವರೆಲ್ಲ ಹೀಗೇ ಶುರುಮಾಡುವುದು. ನಾನು ಹಾಳೆ ತೆಗೆದು, ಕನ್ನಡಕ ಒರೆಸಿ, ಹೇಳು ಎಂದೆ.

ಲ್ಯಾಬಿನಲ್ಲಿ ಆಕೆಯ ಕೆಲಸ ರಕ್ತ ತೆಗೆಯುವುದು ಮತ್ತು ವರದಿ ತಯಾರಾದ ಮೇಲೆ ರೋಗಿಗಳಿಗೆ ತನ್ನ ಫೋನಿನಿಂದ ಕರೆ ಮಾಡಿ ಬಂದು ಒಯ್ಯಿರಿ ಎಂದು ಹೇಳುವುದು. ಹಿಂದಿನ ವಾರ ಒಬ್ಬ ಮುದುಕರಿಗೆ ಕರೆ ಮಾಡಿದ್ದಳು. ಅವರು ಫೋನೆತ್ತಿ ಬಹಳ ಗೌರವದಿಂದ, “ಹಲೋ, ಜೇವರ್ಗಿ ಸೋಡಚೀಟಿಯವ್ರೇನ್ರಿ?” ಎಂದು ಕೇಳಿದ್ದರು.

“ನಾ ಗಾಬರ್ಯಾಗಿ, ಅಲ್ರಿ ಅಜ್ಜಾರ, ಲ್ಯಾಬಿಂದ ಮಾತಾಡಾಕತ್ತೇನಿ ಅಂದೆ. ಅದಕ್ಕ ಅವ್ರು, ಸೋಡಚೀಟಿಗೂ ರಕ್ತ ತಪಾಸಣಿ ಬೇಕೇನವ್ವ ಈಗ ಅಂತ ಕೇಳಿದ್ರು.”

ನಾನು ನಗಲಿಲ್ಲ. ನಗು ಬಂದದ್ದು ನಿಜ. ಆಕೆಯ ಮುಖ ನೋಡಿ ಕೆಮ್ಮಿದೆ.

ಮುದುಕರು ವರದಿ ಒಯ್ಯಲು ಬಂದಾಗ ತಮ್ಮ ಫೋನು ತೋರಿಸಿದರು. ಆಕೆಯ ನಂಬರಿನ ಮೇಲೆ ಆ ಎರಡು ಶಬ್ದ ಮೂಡಿದ್ದವು. ಆಕೆ ಆ ಪರದೆಯ ಫೋಟೋ ತೆಗೆದಿಟ್ಟುಕೊಂಡಿದ್ದಳು. ಅಲ್ಲಿಂದಾಚೆ ತೀರಾ ಬೇಕಾದ ಹೊರತು ಯಾರಿಗೂ ಕರೆ ಮಾಡುತ್ತಿರಲಿಲ್ಲವಂತೆ.

“ಖೋಲಿ ಮಾಲಕರಿಗಿ ಗಂಡ ಪುಣೆದಾಗ ಕಂಪನಿಯಾಗ ಅದಾನಂತ ಹೇಳೇನ್ರಿ. ಇಲ್ಲಂದ್ರ ಒಬ್ಬಾಕಿ ಹೆಣ್ಮಗಳಿಗಿ ಯಾರು ಖೋಲಿ ಕೊಡ್ತಾರ್ರಿ, ಕಾಕಾ? ಆರು ತಿಂಗಳಿಗೊಮ್ಮೆ ಬರ್ತಾನಂತ ಹೇಳೇನಿ. ಎರಡು ಸಲ ರಜಾ ಸಿಗಲಿಲ್ಲಂತ ಬರೂದು ತಪ್ಪಿಸೇನಿ.”

“ಮೂರನೇ ಸಲಕ್ಕ?”

“ಅದು ವಿಚಾರ ಮಾಡಾಕತ್ತಿದ್ದೆ. ಅಷ್ಟರಾಗ ಇದು ಬಂತು.”

ಮಾಲಕಿಯ ಸೊಸೆಯ ಹತ್ತಿರ ದೊಡ್ಡ ಫೋನಿತ್ತು. ಅದರಲ್ಲಿ ಈ ಆಪ್ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಒಂದು ದಿನ ನೀರಿನ ಪಂಪು ಚಾಲೂ ಬಿಟ್ಟು ಕೆಲಸಕ್ಕೆ ಬಂದಿದ್ದಳು. ಫೋನು ಮಾಡಿ ಬಂದ್ ಮಾಡ್ರಿ ಎನ್ನುವ ಧೈರ್ಯವಾಗದೆ, ರೋಗಿಯ ತೋಳಿಗೆ ಕಟ್ಟಿದ ರಬ್ಬರು ಬಿಚ್ಚಿ, ಓಡಿಹೋಗಿ ತಾನೇ ಬಂದ್ ಮಾಡಿ ಬಂದಳಂತೆ. ಖೋಲಿ ಹೋದರೆ ಅಫಜಲಪುರದಲ್ಲಿ ಇನ್ನೊಂದು ಸಿಗುವುದು ಕಷ್ಟ. ಖೋಲಿ ಇಲ್ಲದಿದ್ದರೆ ಕೆಲಸವೂ ಇಲ್ಲ, ಮತ್ತೆ ಜೇವರ್ಗಿಗೆ ಹೋಗಿ ಅಣ್ಣನ ಮನೆಯಲ್ಲಿ ಕೂರಬೇಕು. ಇದಿಷ್ಟು ಆಕೆಯ ಅಳಲು.

“ಅವನೇ ಮಾಡಿರ್ಬೇಕ್ರಿ. ನನ್ನ ಗಂಡ ಇದ್ದವ. ಅವನ ಹೆಸರು ಹಾಕಿ ಬರೀರಿ.”

ನಾನು ಬರೆದೆ. ಆಹಾ, ಎಂಥ ಅರ್ಜಿ ಅದು! ‘ಸದರಿ ಆರೋಪಿಯು ದುರುದ್ದೇಶದಿಂದ, ಅರ್ಜಿದಾರಳ ಮಾನಹಾನಿ ಮಾಡುವ ಏಕೈಕ ಇರಾದೆಯಿಂದ, ಆಕೆಯ ಖಾಸಗಿ ಬದುಕಿನ ಗುಟ್ಟನ್ನು ಬಯಲಿಗೆಳೆದು...’ ನನ್ನ ಕೈ ಬರಹ ಆ ದಿನ ಮುತ್ತು ಪೋಣಿಸಿದ ಹಾಗಿತ್ತು. ಅರ್ಧ ಪುಟ ಮುಗಿದಾಗ, ಪುರಾವೆಗೆಂದು ಆಕೆ ಆ ಫೋಟೋ ತೆಗೆದು ನನ್ನ ಮುಂದೆ ಹಿಡಿದಳು.

ಕಿವಿಗೆ ಬಿದ್ದಾಗ ಹೊಳೆಯದ್ದು ಕಣ್ಣಿಗೆ ಬಿದ್ದಾಗ ಹೊಳೆಯಿತು. ಮೊದಲು ಊರು. ಆಮೇಲೆ ಕಾಗದ.

ಸಿಟ್ಟಿಗೆದ್ದ ಗಂಡ ಹಾಗೆ ಬರೆಯುವುದಿಲ್ಲ. ಅವನು ಬೈಗುಳ ಬರೆಯುತ್ತಾನೆ. ಇದು ಕಡತದ ಮೇಲೆ ಚೀಟಿ ಅಂಟಿಸಿದ ಹಾಗಿತ್ತು. ಹಾಗೆ ಬರೆಯುವವನು ಈ ಮೂರು ತಾಲ್ಲೂಕಿನಲ್ಲಿ ನನಗೆ ಗೊತ್ತಿದ್ದಂತೆ ಒಬ್ಬನೇ ಇದ್ದ.

“ಪೆನ್ನಿನ ಶಾಯಿ ತೀರ್ತು. ತಡೀ, ಬಂದೆ” ಎಂದು ಎದ್ದೆ. ಮೇಜಿನ ಮೇಲಿನ ಡಬ್ಬಿಯಲ್ಲಿ ಇನ್ನೂ ಏಳೆಂಟು ಪೆನ್ನುಗಳಿದ್ದವು. ಆಕೆ ಅವನ್ನು ನೋಡಿದಳು.

ಗೆಳೆಯ ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು ಯಾವುದೋ ಫೋನಿನ ಹೊಟ್ಟೆ ಬಗೆದು ಕೂತಿದ್ದ.

“ಲೇ, ನಾ ನನ್ನ ಫೋನಿನಾಗ ಬರ್ಕೊಂಡಿದ್ದು ಅಫಜಲಪುರದವ್ರಿಗಿ ಹ್ಯಾಂಗ ಕಾಣಾಕತ್ತದ?”

“ನೀನೇ ಹೇಳಿದಿ” ಎಂದ, ತಲೆಯೆತ್ತದೆ.

“ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ.”

“ಆಪಿನ ಮುಂದ ಬಿಟ್ಟಿ. ಅದು ಊರ ಮುಂದ ಬಿಡ್ತು. ನಿನ್ನಂಗ ಒಬ್ಬೊಬ್ಬರು ತಂತಮ್ಮ ಫೋನಿನಾಗ ಇದ್ದದ್ದು ಕೊಟ್ಟಿದ್ದಕ್ಕೇ ಅದಕ್ಕ ಊರ ಹೆಸರೆಲ್ಲ ಗೊತ್ತು. ಇಲ್ಲಂದ್ರ ಅದಕ್ಕೇನು ಕನಸು ಬೀಳ್ತದೇನು?”

“ನೋಡ್ತೇನಿ ಅಂತಷ್ಟೇ ಕೇಳಿತ್ತಲ್ಲೋ. ಒಯ್ತೇನಿ, ಮಂದಿಗಿ ಹಂಚ್ತೇನಿ ಅಂತ ಎಲ್ಲಿ ಕೇಳಿತ್ತು?”

“ಆ ಉದ್ದನ ಕಾಗದದಾಗ ಬರ್ದಿರ್ತದ. ನೀ ಓದಿಲ್ಲ.”

“ಒತ್ತು ಒತ್ತು ಅಂದವ ಯಾರು?”

ಅವನು ಭೂತಗನ್ನಡಿ ತೆಗೆದು ನನ್ನನ್ನು ನೋಡಿದ. “ನಾ ಗಡಿಯಾರದವ, ನೀ ಕಾಗದದವ. ಕಾಗದ ಓದೂದು ಯಾರ ಕೆಲ್ಸಲೇ?”

ಫೋನು ತೆಗೆದು ಅವನ ಕೈಗಿಟ್ಟೆ. ನನ್ನ ಫೋನಿನ ಸೆಟ್ಟಿಂಗಿನೊಳಗೆ ಕರೆದೊಯ್ದು ನಾನು ಯಾವ್ಯಾವುದಕ್ಕೆ ಅನುಮತಿ ಕೊಟ್ಟಿದ್ದೇನೆ ಎಂಬ ಪಟ್ಟಿ ತೋರಿಸಿದ. ಸಂಪರ್ಕ, ಕರೆ, ಸಂದೇಶ, ಸ್ಥಳ, ಮೈಕು, ಕ್ಯಾಮೆರಾ. ಹೆಸರು ಹೇಳುವ ಆಪಿಗೆ ನಾನು ಎಲ್ಲಿದ್ದೇನೆ ಎಂದು ಯಾಕೆ ಬೇಕು ಎಂದು ಕೇಳಿದೆ. ಗೊತ್ತಿಲ್ಲ ಎಂದ. ಮೈಕು? ಅದೂ ಗೊತ್ತಿಲ್ಲ. ಎಲ್ಲವನ್ನೂ ಬಂದ್ ಮಾಡಿದೆವು. ‘ಜೇವರ್ಗಿ ಸೋಡಚೀಟಿ’ಯನ್ನು ಅಳಿಸಿದೆ.

“ಈಗ ಒಯ್ದಿದ್ದು ವಾಪಸ್ ಬರ್ತದೇನು?”

“ಇನ್ನ ಮುಂದ ಒಯ್ಯಂಗಿಲ್ಲ. ಒಯ್ದಿದ್ದು ಒಯ್ತು.”

ಅವನ ಫೋನಿನಲ್ಲಿ ಆಕೆಯ ನಂಬರು ಒತ್ತಿ ನೋಡಿದೆವು. ಎರಡೂ ಶಬ್ದ ಠಾಕುಠೀಕಾಗಿ ಕೂತಿದ್ದವು. ನಾನು ಅಳಿಸಿದ್ದು ನನ್ನ ಪ್ರತಿಯನ್ನು ಮಾತ್ರ. ಇದು ನನ್ನ ತಲೆಗೆ ಹೋಗಲೇ ಇಲ್ಲ, ಈಗಲೂ ಪೂರ್ತಿ ಹೋಗಿಲ್ಲ. ನಮ್ಮಲ್ಲಿ ಕಾಗದ ರದ್ದಾದರೆ ಹರಿಯುತ್ತೇವೆ, ಹರಿದ ಮೇಲೆ ಅದು ಇರುವುದಿಲ್ಲ. ಕುತೂಹಲಕ್ಕೆ ಗೆಳೆಯ ನನ್ನ ನಂಬರನ್ನೂ ಒತ್ತಿದ. ಯಾರೋ ಪುಣ್ಯಾತ್ಮ ನನ್ನನ್ನು ‘ಓದಿ ಓದಿ ಕೊಲ್ಲೋ ಮುದುಕ ಆಳಂದ’ ಎಂದು ಬರೆದುಕೊಂಡಿದ್ದ.

“ಇದು ಖರೇ ಅದ ಬಿಡು” ಎಂದ ಗೆಳೆಯ.

ಶೆಡ್ಡಿಗೆ ವಾಪಸು ಬರುವ ದಾರಿಯಲ್ಲಿ ಹೇಳದೆ ಇರಬಹುದಲ್ಲ ಎಂದು ಒಂದು ಯೋಚನೆ ಬಂತು. ಅಲ್ಲಗಳೆಯುವುದಿಲ್ಲ. ಆಕೆಗೆ ಗಂಡನ ಮೇಲೆ ಅನುಮಾನ. ಗಂಡ ಏನೂ ಸಂಭಾವಿತನಲ್ಲ, ಅದು ಸೋಡಚೀಟಿ ಬರೆದ ನನಗೆ ಗೊತ್ತು. ಆದರೆ ಮಾಡದ ತಪ್ಪಿಗೆ ಅವನ ಹೆಸರನ್ನು ನನ್ನ ಕೈಯಿಂದಲೇ ಬರೆದು, ಅದನ್ನು ನಾನೇ ಗಟ್ಟಿಯಾಗಿ ಓದಿ ಹೇಳಿ, ಕೇಳಿ ತಿಳಿದು ಒಪ್ಪಿ ಎಂದು ಮುಗಿಸುವುದು ಹೇಗೆ? ಪೊಲೀಸರು ಅವನನ್ನು ಕರೆಸಿದರೆ ಅವನು ಜೇವರ್ಗಿಯಿಂದ ಅಫಜಲಪುರದವರೆಗೆ ಕೂಗಾಡಿಕೊಂಡು ಬರುತ್ತಾನೆ. ಆಮೇಲೆ ಆಕೆಯ ಗುಟ್ಟಿಗೆ ಯಾವ ಆಪೂ ಬೇಕಾಗುವುದಿಲ್ಲ.

ಕೂತೆ. ಹೊಸ ಹಾಳೆ ತೆಗೆದೆ. ಆರೋಪಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ ಅರ್ಜಿ ಬರೆಯುವುದು ಎಂದು ಬರೆದೆ. ‘ದುರುದ್ದೇಶದಿಂದ’ ಎಂಬ ಶಬ್ದ ತೆಗೆದು ‘ಏನು ಮಾಡುತ್ತಿದ್ದೇನೆಂದು ತಿಳಿಯದೆ’ ಎಂದು ಹಾಕಿದೆ. ಓದಿ ಹೇಳಿದೆ. ಮುಗಿದಾಗ ಆಕೆ, “ಇನ್ನೊಮ್ಮೆ ಓದ್ರಿ” ಎಂದಳು. ಇನ್ನೊಮ್ಮೆ ಓದಿದೆ. ಎರಡನೆಯ ಸಲ ಓದುವಾಗ ನನ್ನ ದನಿ ಇಳಿಯಿತು.

“ಅವ ಅಲ್ಲೇನ್ರಿ?”

“ಅಲ್ಲವ್ವ.”

“ಎಂಟು ದಿನ ಅವನಿಗಿ ಬೈದೇನಲ್ರಿ.”

“ಅದು ಬ್ಯಾರೆ ಕಾರಣಕ್ಕ ಆಗ್ತದ, ಇರ್ಲಿ ಬಿಡು.”

ಆಕೆಯ ತುಟಿ ಒಂದು ಕ್ಷಣ ಅಲುಗಿತು. ನಕ್ಕಳೆಂದುಕೊಂಡೆ. “ಯಾರಿಗೂ ಗೊತ್ತಾಗಬಾರ್ದಂತ ಅಲ್ಲಿಂದ ನಿಮ್ಮ ಕಡಿ ಬಂದಿದ್ದೆ, ಕಾಕಾ” ಎಂದಳು. ಅಷ್ಟೇ. ಬೈದಿದ್ದರೆ ಬೈಗುಳಕ್ಕೆ ಉತ್ತರ ಹುಡುಕುತ್ತಿದ್ದೆ.

ಮಧ್ಯಾಹ್ನ ಆಕೆಯನ್ನು ಗೆಳೆಯನ ಅಂಗಡಿಗೆ ಕರೆದುಕೊಂಡು ಹೋದೆ. ತಪ್ಪು ಹೆಸರನ್ನು ತಿದ್ದಿಸಲು ಒಂದು ದಾರಿಯಿತ್ತು. ನಂಬರಿನ ಒಡತಿಯೇ ಅದೇ ಆಪನ್ನು ತನ್ನ ಫೋನಿಗೆ ಹಾಕಿಕೊಂಡು, ನಾನು ಇಂಥವಳು ಎಂದು ಅದಕ್ಕೆ ಹೇಳಬೇಕು. ಕಳುವಾದ ಎತ್ತನ್ನು ಬಿಡಿಸಿಕೊಳ್ಳಲು ಕಳ್ಳನ ಕೊಟ್ಟಿಗೆಗೇ ಆಕಳನ್ನೂ ಹೊಡೆದುಕೊಂಡು ಹೋದ ಹಾಗೆ.

“ಈ ಸಲ ಪೂರ್ತಿ ಓದೂದು” ಎಂದೆ.

ಗೆಳೆಯ ಅಂಗಡಿಯ ಒಳಗೆ ಸ್ಟೂಲು ಹಾಕಿಕೊಟ್ಟ. ಕೋರ್ಟು ಕಾಗದಗಳ ಸಹವಾಸದಿಂದ ನನಗೆ ಒಣ ಇಂಗ್ಲಿಷು ಸ್ವಲ್ಪ ಬರುತ್ತದೆ. ಆ ಇರುವೆ ಸಾಲನ್ನು ಭೂತಗನ್ನಡಿಯಲ್ಲಿ ಹಿಡಿದು, ಒಂದೊಂದೇ ಕಲಮಾಗಿ ಕನ್ನಡ ಮಾಡಿ ಓದಿದೆ. ‘ಸದರಿ ಕಂಪನಿಯು ತನ್ನ ಸೇವೆಯನ್ನು ಉತ್ತಮಗೊಳಿಸಲು ಬೇಕಾದ ಮಾಹಿತಿಯನ್ನು ಪಡೆಯಬಹುದು.’ ಯಾವ ಮಾಹಿತಿ ಎಂದು ಆಕೆ ಕೇಳಿದಳು. ಮುಂದೆ ಹೇಳಿರಬಹುದು ಎಂದೆ. ಮುಂದಿನ ಕಲಮು ಹಿಂದಿನ ಕಲಮನ್ನು ನೋಡಿರಿ ಎಂದಿತ್ತು. ‘ತನ್ನ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು.’ ಪಾಲುದಾರರು ಯಾರು, ಅವರ ಊರು ಯಾವುದು, ತಂದೆಯ ಹೆಸರೇನು, ಒಂದೂ ಇರಲಿಲ್ಲ. ನಾನು ಇಂಥ ವಾಟ್ನಿ ಪತ್ರ ಬರೆದಿದ್ದರೆ ಎರಡೂ ಕಡೆಯವರು ಸೇರಿ ನನ್ನ ಶೆಡ್ಡು ಕಿತ್ತುಹಾಕುತ್ತಿದ್ದರು. ಎಲ್ಲವನ್ನೂ ಹೇಳಿದ್ದಾರೆ, ಆದರೆ ಕೇಳಿದವನಿಗೆ ಏನೂ ತಿಳಿದಿರುವುದಿಲ್ಲ. ಇಂಥ ಬರವಣಿಗೆ ನನಗೂ ಸಾಧ್ಯವಿಲ್ಲ, ಒಳಗೊಳಗೇ ಮೆಚ್ಚಿದೆ.

ಸಂಪರ್ಕಗಳ ಪ್ರಶ್ನೆ ಬಂದಾಗ ಆಕೆ ಫೋನನ್ನು ಎದೆಗೆ ಅವಚಿಕೊಂಡಳು.

“ಇದು ಬ್ಯಾಡ್ರಿ. ಇದರಾಗ ರೋಗಿಗಳ ನಂಬರ್ ಅವ.”

“ಇರ್ಲಿ ಬಿಡು. ಹೆಸರಷ್ಟೇ ಅಲ್ಲ?” ಎಂದ ಗೆಳೆಯ.

“ಹೆಸರು ಎಲ್ಲಿ ನೆನಪಿರ್ತಾವ್ರಿ? ಶುಗರ್ ಅಜ್ಜ. ಕಾಮಾಲಿ ಹುಡುಗಿ. ಒಬ್ಬಾಕಿ ಬಸಿರದಾಳ, ಇನ್ನೂ ಮನ್ಯಾಗ ಹೇಳಿಲ್ಲ. ಆಕಿದು ಹಂಗೇ ಬರ್ಕೊಂಡೇನಿ.”

ಗೆಳೆಯ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಆಕೆಗೂ ತಾನು ಈಗ ಹೇಳಿದ್ದೇನೆಂದು ತಿಳಿಯಿತು. “ನಾನೂ ನಿಮ್ಮಂಗ ಅದೇನಲ್ರಿ, ಕಾಕಾ” ಎಂದಳು.

ಸಂಪರ್ಕಕ್ಕೆ ‘ನಿರಾಕರಿಸಿ’ ಎಂದು ಒತ್ತಿದಳು. ಸಂದೇಶಕ್ಕೆ ‘ನಿರಾಕರಿಸಿ’. ಸ್ಥಳ, ಮೈಕು, ಕ್ಯಾಮೆರಾ, ಎಲ್ಲದಕ್ಕೂ ‘ನಿರಾಕರಿಸಿ’. ಆಪು ಪ್ರತಿ ಸಲವೂ, ಹೀಗೆ ಮಾಡಿದರೆ ಪೂರ್ತಿ ಲಾಭ ಸಿಗುವುದಿಲ್ಲ ಎಂದು ಮದುವೆಯಲ್ಲಿ ಮರ್ಯಾದೆ ಸಿಗದ ಬೀಗರ ಹಾಗೆ ಕೊರಗಿತು. ಕೊನೆಗೆ ನಂಬರನ್ನು ಮಾತ್ರ ತೆಗೆದುಕೊಂಡು ಹೆಸರು ಕೇಳಿತು. ಆಕೆ ತನ್ನ ಹೆಸರನ್ನು ತಾನೇ ಒತ್ತಿದಳು. ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ’ ಎಂದು ಬಂತು.

“ಯಾರು ಪರಿಶೀಲನ ಮಾಡ್ತಾರ್ರಿ?” ಎಂದು ಕೇಳಿದಳು.

ಆಕೆಯ ಹೆಸರು ಆಕೆಯದೇ ಹೌದೋ ಅಲ್ಲವೋ ಎಂದು ಎಲ್ಲೋ ಕೂತು ಪರಿಶೀಲಿಸುವ ಆ ಮಹಾನುಭಾವರು ಯಾರೆಂದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಪನ್ನು ತೆಗೆದುಹಾಕಿ, ಆಕೆಯನ್ನು ಅಫಜಲಪುರದ ಬಸ್ಸಿಗೆ ಹತ್ತಿಸಿದೆವು. ಅರ್ಜಿಯ ಹಾಳೆಯನ್ನು ಆಕೆ ಮಡಚಿ ಚೀಲದೊಳಗಿಟ್ಟುಕೊಂಡಳು. ಅದನ್ನು ಪೊಲೀಸರಿಗೆ ಕೊಡುತ್ತೀಯಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಗೆಳೆಯನ ಅಂಗಡಿಗೆ ಹೋಗಿ ಆ ನಂಬರನ್ನು ಒತ್ತಿ ನೋಡುವುದು ನನ್ನ ನೇಮವಾಯಿತು. ಮೂರು ದಿನ ಸೋಡಚೀಟಿ. ನಾಲ್ಕನೆಯ ದಿನ ಆಕೆಯ ಹೆಸರು. ಐದನೆಯ ದಿನ ಮತ್ತೆ ಸೋಡಚೀಟಿ. ಆರನೆಯ ದಿನದಿಂದ ಹೆಸರು ನಿಂತಿತು. ಈ ನಡುವೆ ಯಾಕೆ ಹಿಂದೆ ಹೋಗಿ ಮುಂದೆ ಬಂತು ಎಂದು ಗೆಳೆಯನನ್ನು ಕೇಳಿದರೆ, ಗಡಿಯಾರವಾಗಿದ್ದರೆ ಹೇಳುತ್ತಿದ್ದೆ ಎಂದ. ಉಳಿದ ನೂರಾರು ಜನರಿಗೂ ಕರೆ ಮಾಡಿ ತಪ್ಪೊಪ್ಪಿಕೊಳ್ಳಲು ಶುರುಮಾಡಿದೆ. ಅರ್ಧ ಜನಕ್ಕೆ ನಾನು ಹೇಳುವುದೇ ಅರ್ಥವಾಗಲಿಲ್ಲ. ಹಿರೋಳ್ಳಿ ಬಾವಿ ತಂಟೆ, “ಊರಾಗೆಲ್ಲ ನನಗ ಹಂಗೇ ಕರೀತಾರ್ರಿ ಸಾಹೇಬ್ರ, ಅದಕ್ಯಾಕ ಇಷ್ಟು ಹೊತ್ತಿನ್ಯಾಗ ಫೋನು?” ಎಂದು ಇಟ್ಟುಬಿಟ್ಟ. ಜಿಡಗಾ ದತ್ತಕ, ಅಂದರೆ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡವನು, ಪೂರ್ತಿ ಕೇಳಿ ಫೋನು ಇಟ್ಟ. ಆ ಹುಡುಗನಿಗೆ ತಾನು ದತ್ತಕ ಎಂಬುದು ಗೊತ್ತಿದೆಯೋ ಇಲ್ಲವೋ ಎಂದು ಆಮೇಲೆ ನೆನಪಾಗಿ, ಮುಂದಿನವರಿಗೆ ಕರೆ ಮಾಡುವ ಧೈರ್ಯ ಹೋಯಿತು.

ಒಂದು ತಿಂಗಳ ಮೇಲೆ ಆಕೆ ಮತ್ತೆ ಬಂದಳು. ಖೋಲಿ ಹೋಗಿತ್ತು.

ಸೊಸೆಯ ಫೋನಿನಲ್ಲಿ ಆ ಆಪ್ ಮೊದಲಿನಿಂದಲೂ ಇತ್ತು. ಈಕೆಯ ನಂಬರಿನಿಂದ ಯಾವಾಗಲೋ ಬಂದ ಒಂದು ಮಿಸ್ಡ್ ಕಾಲಿನಲ್ಲಿ ಎಲ್ಲ ಗೊತ್ತಾಗಿತ್ತು. ಗೊತ್ತಾದ ಮೇಲೂ ನೀರಿನ ನಲ್ಲಿಯ ಹತ್ತಿರ, “ಪುಣೆದವ್ರು ಈ ಸಲರೆ ಬರ್ತಾರೇನು?” ಎಂದು ನಗುತ್ತ ಕೇಳುತ್ತಿದ್ದಳು. ಒಂದು ದಿನ ಈಕೆ ಕೊಡ ಕೆಳಗಿಟ್ಟು, ಬರಂಗಿಲ್ಲ, ಗಂಡನೇ ಇಲ್ಲ ಎಂದುಬಿಟ್ಟಳು. ಮಾಲಕಿ ಬಂದು ತಿಂಗಳ ಕೊನೆಗೆ ಖೋಲಿ ಬಿಡು ಎಂದರು.

“ಸೋಡಚೀಟಿ ಆಗೇದಂತ ಅ‌ಲ್ಲವ್ವ, ಸುಳ್ಳು ಹೇಳಿದಿ ಅಂತ ಬಿಡಿಸ್ತೇನಿ ಅಂದ್ರು. ಖರೇ ಹೇಳಿದ್ರ ಕೊಡ್ತಿದ್ರೇನ್ರಿ ಅಂದೆ. ಕೊಡ್ತಿದ್ದಿಲ್ಲ ಅಂದ್ರು.”

“ಮತ್ತ ಈಗ?”

“ಲ್ಯಾಬಿಗಿ ಬರೂ ಒಬ್ಬ ಅಮ್ಮಾರು ಅದಾರ್ರಿ, ನರ್ಸ್ ಆಗಿ ರಿಟೈರ್ ಆದವ್ರು. ಅವರ ಮನ್ಯಾಗ ಹಿಂದಿನ ಖೋಲಿ. ಹೊಸ್ತಿಲ ದಾಟೂಕಿಂತ ಮೊದ್ಲೇ ಎಲ್ಲಾ ಹೇಳಿಬಿಟ್ಟೆ. ನಿಮ್ಮ ಫೋನು ಹೇಳೂಕಿಂತ ನಾ ಹೇಳೂದು ಚಲೋ ಅಲ್ಲೇನ್ರಿ, ಕಾಕಾ?”

ಇದು ಕ್ಷಮೆಯೋ ಚುಚ್ಚೋ ನನಗೆ ತಿಳಿಯಲಿಲ್ಲ. ಹೊಸ ಖೋಲಿ ಹಳೆಯದಕ್ಕಿಂತ ಚಿಕ್ಕದಂತೆ, ಪಂಪು ಇಲ್ಲವಂತೆ. ಗಂಡನಿಗೆ ರಜೆ ಸಿಗದ ಕಾರಣ ಹುಡುಕುವುದೂ ಇಲ್ಲವಂತೆ. ನನ್ನಿಂದ ಆಕೆಗೆ ಕೇಡಾಯಿತೋ, ಕೇಡಿನ ನಡುವೆ ಏನಾದರೂ ಒಳಿತಾಯಿತೋ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಒಳಿತಾಗಿದ್ದರೂ ಅದರಲ್ಲಿ ನನ್ನ ಪಾಲಿಲ್ಲ.

ಬಂದದ್ದು ಬಾಡಿಗೆ ಕರಾರು ಬರೆಸಲು. ಅಫಜಲಪುರದಲ್ಲೂ ಬರೆಯುವವರಿದ್ದಾರೆ, ನನ್ನ ಹತ್ತಿರವೇ ಯಾಕೆ ಬಂದೆ ಎಂದು ಕೇಳಲು ಹೆದರಿ ಕೇಳಲಿಲ್ಲ. ಸಿದ್ಧ ನಮೂನೆಯನ್ನು ಕಂಪ್ಯೂಟರಿನಲ್ಲಿ ತೆರೆದು ತುಂಬುತ್ತ ಹೋದೆ. ಗಂಡ ಅಥವಾ ತಂದೆಯ ಹೆಸರಿನ ಜಾಗದಲ್ಲಿ ತಂದೆಯ ಹೆಸರು ಹೇಳಿದಳು. ಆಮೇಲೆ ವಿಳಾಸ. ಆಮೇಲೆ ಫೋನ್ ನಂಬರು.

“ಅದ್ಯಾಕ್ರಿ?” ಎಂದಳು.

“ಏನು?”

“ಫೋನ್ ನಂಬರ್. ಕರಾರಿಗಿ ಅದ್ಯಾಕ ಬೇಕು?”

“ನಮೂನೆದಾಗ ಅದ.”

“ಅಮ್ಮಾರ ಬಲ್ಲಿ ನನ್ನ ನಂಬರ್ ಅದ. ನನ್ನ ಬಲ್ಲಿ ಅವರದು ಅದ. ಮತ್ತ ಈ ಕಾಗದ ಓದಿ ನನಗ ಯಾರು ಫೋನ್ ಮಾಡವ್ರು?”

ನಾನು ವಿಚಾರ ಮಾಡಿದೆ. ಪ್ರಾಮಾಣಿಕವಾಗಿ ವಿಚಾರ ಮಾಡಿದೆ. ಎಷ್ಟು ವರ್ಷದಿಂದ ಎಷ್ಟು ಜನರ ನಂಬರುಗಳನ್ನು ಆ ಸಾಲಿನಲ್ಲಿ ತುಂಬಿದ್ದೇನೆ! ಆ ಕಾಗದಗಳ ಝೆರಾಕ್ಸುಗಳು ಎಲ್ಲೆಲ್ಲಿ ಬಿದ್ದಿವೆಯೋ. ಅದು ಯಾಕೆ ಬೇಕು, ಯಾರಿಗೆ ಬೇಕು ಎಂದು ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

“ಗೊತ್ತಿಲ್ಲವ್ವ” ಎಂದೆ.

ಆಕೆ ಕೈಕಟ್ಟಿಕೊಂಡು ಕಾದಳು. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟು ಆ ಸಾಲನ್ನು ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರವಾಗಿ ಅಳಿಸಿದೆ.